ನೆಟ್‌ಬಾಲ್ ಕೋಚ್ ನಮ್ಮ ಅತ್ತಿಗೆ

ನಮ್ಮ ಅತ್ತಿಗೆ ಕೋಚ್ ಆಗಿದ್ದ ತಂಡ ಆ ವರ್ಷ ಒಂದೇ ಒಂದು ಪಂದ್ಯವನ್ನೂ ಗೆಲ್ಲಲಿಲ್ಲ. ಅದನ್ನು ಅವರ ಮುಂದೆ ಹೇಳಿ ನೋಡಿ! "ಸೋತಿದ್ದು ಯಾರೋ? ಎದುರಿನವರು ಸ್ವಲ್ಪ ಜಾಸ್ತಿ ಗೆದ್ರು, ಅಷ್ಟೇ" ಎನ್ನುತ್ತಾರೆ.

ಎರಡು ಸಾವಿರದ ಇಸವಿ ದಾಟಿ ಕೆಲವು ವರ್ಷಗಳಾಗಿದ್ದವು. ನಾನು ಓದಲೆಂದು ಸಿಡ್ನಿಗೆ ಬಂದು, ಗಿರಾವೀನ್ ಬಡಾವಣೆಯಲ್ಲಿದ್ದ ಅಣ್ಣನ ಮನೆಯಲ್ಲಿ ಠಿಕಾಣಿ ಹೂಡಿದ್ದೆ. ಅತ್ತಿಗೆ ಮೈಸೂರಿನಲ್ಲಿ ಕೆಮಿಸ್ಟ್ರಿ ಲೆಕ್ಚರರ್ ಆಗಿದ್ದವರು. ಅವರಿಗೂ ಆಟಕ್ಕೂ ಏನು ಸಂಬಂಧ? ಮಗಳ ಶಾಲೆಯ ಮೀಟಿಂಗಿನಲ್ಲಿ "ಹುಡುಗಿಯರ ನೆಟ್‌ಬಾಲ್ ಟೀಮಿಗೆ ಯಾರು ಕೋಚ್ ಆಗ್ತೀರಿ?" ಎಂದು ಟೀಚರು ಕೇಳಿದ ಹೊತ್ತಿಗೇ, ಏಸಿ ಸ್ವಲ್ಪ ಕಮ್ಮಿ ಮಾಡಿಸೋಣವೆಂದು ಇವರು ಕೈ ಎತ್ತಿದರು. ಸಭೆಯೆಲ್ಲ ಚಪ್ಪಾಳೆ! ಆಮೇಲೆ ಇಲ್ಲ ಅನ್ನುವುದು ಹೇಗೆ? ನಡುಗುತ್ತಲೇ ಒಪ್ಪಿಕೊಂಡು ಬಂದರು.

ನೆಟ್‌ಬಾಲ್ ಎಂದರೆ ಬ್ಯಾಸ್ಕೆಟ್‌ಬಾಲಿನ ತಂಗಿ. ಚೆಂಡನ್ನು ನೆಲಕ್ಕೆ ಕುಟ್ಟುತ್ತಾ ಓಡುವಂತಿಲ್ಲ. ಹಿಡಿದವರು ಮೂರು ಸೆಕೆಂಡಿನೊಳಗೆ ಇನ್ನೊಬ್ಬರಿಗೆ ದಾಟಿಸಬೇಕು. ಇಷ್ಟು ಕಲಿತದ್ದೇ ತಡ, ಅತ್ತಿಗೆ ಅಣ್ಣನ ಹಳೇ ಶೂಗೆ ಹತ್ತಿ ತುರುಕಿ ಹಾಕಿಕೊಂಡು, ಕೊರಳಲ್ಲಿ ಮಾಂಗಲ್ಯದ ಜೊತೆಗೆ ಸೀಟಿಯನ್ನೂ ತೂಗುಬಿಟ್ಟುಕೊಂಡು ಶನಿವಾರ ಬೆಳಿಗ್ಗೆ ಮೈದಾನಕ್ಕಿಳಿದರು.

ಮೊದಲ ಪಂದ್ಯದ ಮಧ್ಯದ ಬಿಡುವಿನಲ್ಲಿ ಎದುರಿನ ತಂಡದ ಮಕ್ಕಳು ಕಿತ್ತಳೆ ಹೋಳು ತಿನ್ನುತ್ತಿದ್ದರು. ಅತ್ತಿಗೆ ಡಬ್ಬಿ ತೆರೆದು, ಪಕ್ಕದ ಪೆಂಡಲ್ ಹಿಲ್‌ನ ನಮ್ಮವರ ಅಂಗಡಿಯ ಅಕ್ಕಿಹಿಟ್ಟಿನಲ್ಲಿ ಮಾಡಿದ ಕೋಡುಬಳೆ ಹಂಚಿದರು. ಹುಡುಗಿಯರು ಬೆರಳಿಗೆಲ್ಲ ಉಂಗುರದ ಹಾಗೆ ಹಾಕಿಕೊಂಡು ತಿಂದರು. ಪರಿಣಾಮ? ಆಮೇಲೆ ಯಾರ ಎಣ್ಣೆಗೈಯಲ್ಲೂ ಚೆಂಡು ನಿಲ್ಲಲಿಲ್ಲ. ಅಂಪೈರಮ್ಮನ ಸೀಟಿಯೂ ಜಾರಿ ಬಿತ್ತು. ಆಕೆಯೂ ಎರಡು ತಿಂದಿದ್ದರು!

ಎದುರಿನವರು ಗೋಲು ಹಾಕಿದರೂ ಅತ್ತಿಗೆಯದೇ ದೊಡ್ಡ ಚಪ್ಪಾಳೆ. ನಮ್ಮ ತಂಡದ ಹುಡುಗಿಯೊಬ್ಬಳ ಅಪ್ಪ ತಡೆಯಲಾರದೆ ಕೇಳಿದ, "ಮೇಡಂ, ನೀವು ಯಾರಿಗೆ ಕೋಚು?"

"ನಿಮ್ಮ ಮಗಳಿಗೇ. ಆದ್ರೂ ಆ ಮಗು ನೋಡಿ, ಎಷ್ಟು ದೂರದಿಂದ ಹಾಕ್ತು!"

ಇದನ್ನು ಸಹಿಸಲಾಗದವಳು ಅದೇ ತಂಡದಲ್ಲಿ ಆಡುತ್ತಿದ್ದ ಅತ್ತಿಗೆಯ ಹತ್ತು ವರ್ಷದ ಮಗಳು. ಸೀಸನ್ ಮುಗಿಯುವ ವಾರ ಊಟದ ಟೇಬಲ್ಲಿನಲ್ಲಿ, ತಟ್ಟೆ ನೋಡುತ್ತಲೇ ಹೇಳಿದಳು: "ಅಮ್ಮಾ, ನೆಕ್ಸ್ಟ್ ಇಯರ್ ಡೋಂಟ್ ಕೋಚ್, ಪ್ಲೀಸ್. ಎವ್ರಿಬಡಿ ಲಾಫ್ಸ್."

"ಆಯ್ತು ಪುಟ್ಟಿ," ಎಂದರು ಅತ್ತಿಗೆ. ಅಷ್ಟೇ! ಲೆಕ್ಚರರ್ ಒಬ್ಬರು ಎರಡೇ ಪದದಲ್ಲಿ ಮಾತು ಮುಗಿಸಿದ್ದನ್ನು ನಾನು ಕಂಡದ್ದು ಅದೇ ಮೊದಲು. ಆಮೇಲೆ ಅಡುಗೆಮನೆಗೆ ಹೋಗಿ, ತೊಳೆದಿಟ್ಟ ಪಾತ್ರೆಗಳನ್ನೇ ಮತ್ತೆ ತೊಳೆದರು.

ಕೊನೆಯ ಶನಿವಾರ ಅಮ್ಮಂದಿರಿಗೂ ಹೆಣ್ಣುಮಕ್ಕಳಿಗೂ ತಮಾಷೆಯ ಪಂದ್ಯ. ಅಮ್ಮಂದಿರ ಕಡೆ ಒಬ್ಬರು ಕಮ್ಮಿ ಬಿದ್ದಿದ್ದರಿಂದ ಅತ್ತಿಗೆಯನ್ನೇ ಎಳೆದುಕೊಂಡರು. ಎಳೆದುಕೊಂಡರೇ ಹೊರತು ಚೆಂಡು ಕೊಟ್ಟರೆ ತಾನೆ? ಆ ನೀಳಕಾಯದ ಅಮ್ಮಂದಿರು ಇವರ ತಲೆಯ ಮೇಲಿಂದಲೇ ದಾಟಿಸಿಕೊಳ್ಳುತ್ತಿದ್ದರು. ಅತ್ತಿಗೆ ಎರಡೂ ಕೈ ಚಾಚಿಕೊಂಡು ಓಡಿದ್ದೇ ಓಡಿದ್ದು. ಸುತ್ತ ನಿಂತವರು ನಕ್ಕರು. ನಾನೂ ನಕ್ಕೆ.

ಅಷ್ಟರಲ್ಲಿ ಚೆಂಡು ಮಗಳಿಗೆ ಸಿಕ್ಕಿತು. ಅವಳು ಗೆಳತಿಯರನ್ನು ನೋಡಿದಳು, ನಗುತ್ತಿದ್ದ ನಮ್ಮನ್ನು ನೋಡಿದಳು, ನೇರವಾಗಿ ಅಮ್ಮನ ಕೈಗೆ ಎಸೆದಳು!

"ರಾಂಗ್ ಟೀಮ್! ರಾಂಗ್ ಟೀಮ್!" ಎಂದು ಗೆಳತಿಯರು ಕಿರುಚಿದರು.

"ಐ ನೋ," ಎಂದಳು ಅವಳು.

ಅತ್ತಿಗೆ ಚೆಂಡನ್ನು ಎದೆಗವಚಿಕೊಂಡು ನಿಂತುಬಿಟ್ಟರು. ಎಲ್ಲರೂ "ಪಾಸ್, ಪಾಸ್" ಎಂದು ಕೂಗಿದರು. ಮೂರು ಸೆಕೆಂಡು ಯಾವಾಗಲೋ ಕಳೆದಿತ್ತು. ಅಂಪೈರಮ್ಮ ಸೀಟಿಯನ್ನು ಬಾಯಿಗಿಟ್ಟುಕೊಂಡರು, ಊದಲಿಲ್ಲ.

ವಾಪಸು ಬರುವಾಗ ಕಾರು ಓಡಿಸುತ್ತಾ ಕಾಲೆಳೆದೆ: "ಏನತ್ತಿಗೆ, ಕೋಚಿಗೇ ರೂಲ್ಸ್ ಮರೆತುಹೋಯ್ತಾ?"

ಅತ್ತಿಗೆ ಕಿಟಕಿಯಾಚೆ ನೋಡುತ್ತಿದ್ದರು. "ಸ್ಕೂಲಲ್ಲಿ ಗಿಡ್ಡಿ ಅಂತ ನನ್ನ ಆಟಕ್ಕೇ ಸೇರಿಸ್ಕೋತಿರ್ಲಿಲ್ಲ ಕಣೋ. ಎಲ್ಲರ ಚಪ್ಪಲಿ ಕಾಯೋಕೆ ಕೂರಿಸ್ತಿದ್ರು. ಬೇಕು ಅಂತ ನನ್ನ ಕೈಗೆ ಒಬ್ರು ಚೆಂಡು ಹಾಕಿದ್ದು ಇವತ್ತೇ. ಅಷ್ಟು ಬೇಗ ಹೇಗೋ ಬಿಡೋದು?"

ಹಿಂದಿನ ಸೀಟಿನಲ್ಲಿದ್ದ ಮಗಳು ಮುಂದಕ್ಕೆ ಬಾಗಿ, ಚೆಂಡನ್ನು ಅಮ್ಮನ ಮಡಿಲಲ್ಲಿ ಇಟ್ಟಳು. ಮನೆ ಬರುವವರೆಗೂ ಅತ್ತಿಗೆ ಅದನ್ನು ಹಿಡಿದುಕೊಂಡೇ ಕೂತಿದ್ದರು.