ಕೋಲು ಬಿದ್ದರೆ ರಂಗೋಲಿ

ಗೇಣುದ್ದದ ಒಂದು ಕೋಲು ಒಬ್ಬಳ ಕೈಯಿಂದ ಇನ್ನೊಬ್ಬಳ ಕೈಗೆ ಹೋಗಬೇಕು. ಅಷ್ಟೇ. ಇದರಲ್ಲಿ ನಗುವಂಥದ್ದೇನಿದೆ ಎನ್ನುವವರು ಬಸವಕಲ್ಯಾಣಕ್ಕೆ ಬಂದು ನಮ್ಮ ಹುಡುಗಿಯರಿಗೆ ರಿಲೇ ಓಟ ಕಲಿಸಿ ನೋಡಲಿ. ಆ ಎರಡು ಕೈಗಳ ನಡುವೆ ಏನೇನು ಬಂದು ನಿಲ್ಲುತ್ತದೆ ಎಂಬುದು ನನಗೆ ಇನ್ನೂ ಪೂರ್ತಿ ಗೊತ್ತಾಗಿಲ್ಲ.

ಧರಣಿಯ ಫಲ

ನಾನು ಮಾಸ್ತರನಲ್ಲ. ನೀರು, ರಸ್ತೆ, ಶಾಲೆ ಅಂತ ಧರಣಿ ಕೂಡುವವನು. ಕಲಿತದ್ದೆಲ್ಲ ಶಾಲೆಯ ಹೊರಗೆ. ನಮ್ಮ ಸರ್ಕಾರಿ ಶಾಲೆಗೆ ಆಟದ ಮಾಸ್ತರ್ ಇಲ್ಲ ಎಂದು ಶಿಕ್ಷಣ ಇಲಾಖೆಯ ಕಚೇರಿ ಮುಂದೆ ಕೂತು ಗಂಟಲು ಹರಿಯುವಂತೆ ಕೂಗಿದೆ. ಸಾಹೇಬರು ಹೊರಗೆ ಬಂದು ತಣ್ಣಗೆ ಕೇಳಿದರು:

"ಮಾಸ್ತರ್ ಬರೋತನಕ ಯಾರು ಕಲಿಸ್ಬೇಕಂತೀರಿ?"

"ಯಾರರೆ ಕಲಿಸ್ಲಿ! ಬಾಯಿ ಇದ್ದವ್ರು ಯಾರರೆ!"

"ನಿಮ್ಮ ಬಾಯಿ ಚಲೋ ಅದ. ನಾಳಿಂದ ಬರ್ರಿ."

ನನ್ನ ಬೇಡಿಕೆ ಅಷ್ಟು ಬೇಗ ಈಡೇರಿದ್ದು ಅದೊಂದೇ ಸಲ. ರಿಲೇ ಓಟವನ್ನು ಮೊಬೈಲಿನಲ್ಲಿ ನೋಡಿ ನೋಡಿ ಕಲಿತೆ.

ಹೋದ ವರ್ಷ ಹುಮನಾಬಾದದ ಕ್ರೀಡಾಕೂಟದಲ್ಲಿ ಹುಡುಗಿಯರ ಕೈಯಿಂದ ಕೋಲು ಬಿದ್ದು ಓಟ ಕೆಟ್ಟಿತ್ತು. ಹೆಡ್‌ಮಾಸ್ತರರು ಮೊದಲ ದಿನವೇ ಹೇಳಿಬಿಟ್ಟರು: "ಹುಮನಾಬಾದದಾಗ ಈ ಸಲಾನೂ ಕೋಲು ಬಿದ್ರ ರಿಲೇ ಬಂದ್ ನೋಡ್ರಿ. ಹುಡುಗ್ಯಾರು ರಂಗೋಲಿ ಸ್ಪರ್ಧಾಕ್ಕ ಹೋಗ್ಲಿ."

ನನ್ನ ಮೈ ಉರಿಯಿತು. ಗಂಡುಹುಡುಗರು ಪ್ರತಿ ವರ್ಷ ಕಬಡ್ಡಿ ಸೋತು ಬರುತ್ತಾರೆ. ಅವರ ಕೈಗೆ ಇವತ್ತಿನತನಕ ಯಾರೂ ರಂಗೋಲಿ ಪುಡಿ ಕೊಟ್ಟಿಲ್ಲ.

ಎಡಗೈ

ರಿಲೇಯಲ್ಲಿ ಮೊದಲನೆಯವಳು ಬಲಗೈಯಿಂದ ಕೊಟ್ಟದ್ದನ್ನು ಎರಡನೆಯವಳು ಎಡಗೈಯಲ್ಲಿ ತಗೊಳ್ಳಬೇಕು. ನಮ್ಮ ಎರಡನೆಯವಳು ಮೋರಖಂಡಿ ಹಳ್ಳಿಯವಳು, ಗಾಳಿಯಂತೆ ಓಡುವವಳು. ಆದರೆ ಕೋಲು ಹತ್ತಿರ ಬಂದದ್ದೇ ತಡ, ನಿಂತು, ತಿರುಗಿ, ಎರಡೂ ಕೈ ಒಡ್ಡಿ ತಗೊಂಡು, ಕಣ್ಣಿಗೆ ಒತ್ತಿಕೊಂಡು, ಆಮೇಲೆ ಓಡುತ್ತಿದ್ದಳು.

"ಯಾಕವಾ ಹಿಂಗ ಮಾಡ್ತಿ?"

"ಎಡಗೈಲೆ ತಗೊಂಡ್ರ ಅಜ್ಜಿ ಬೈತಾಳ್ರಿ ಸರ್."

ನೆಟ್ಟಗೆ ಮೋರಖಂಡಿಗೆ ಹೋದೆ. ಅಜ್ಜಿಯ ಮುಂದೆ ಕೂತು ದೊಡ್ಡ ಭಾಷಣ ಮಾಡಿದೆ. ಎಡಗೈ ಏನು ಪಾಪ ಮಾಡಿದೆ? ದುಡಿಯುವಾಗ ಎರಡೂ ಕೈ ಬೇಕು, ಮರ್ಯಾದೆ ಮಾತ್ರ ಒಂದಕ್ಕೇ ಯಾಕೆ? ಒಂದು ಕೈಯನ್ನು ಮೇಲೆ, ಇನ್ನೊಂದನ್ನು ಕೆಳಗೆ ಇಟ್ಟವರು ಯಾರು? ಅಜ್ಜಿ ತಲೆ ಅಲ್ಲಾಡಿಸುತ್ತ ಪೂರಾ ಕೇಳಿದಳು.

"ಖರೇ ಅದಪಾ ನಿನ್ನ ಮಾತು. ತಡಿ, ಚಾ ತರ್ತೀನಿ."

ಚಹಾ ತಂದಳು. ಕಪ್ಪು ಮುಂದೆ ಚಾಚಿದಳು. ಎಡಗೈಯಲ್ಲಿ.

ನನ್ನ ಕೈ ಅರ್ಧ ದಾರಿಗೆ ಹೋಗಿ ನಿಂತುಬಿಟ್ಟಿತು. ಯಾಕೆ ನಿಂತಿತೋ, ನಾನಂತೂ ಹೇಳಿರಲಿಲ್ಲ.

"ತಗೋ ಮಾಸ್ತರಾ," ಎಂದಳು ಅಜ್ಜಿ. "ಓಟ ನಿಂತದ ನೋಡು."

ಕಬ್ಬು

ಶಾಲೆಯ ಅಸಲಿ ಕೋಲು, ಅಂದರೆ ಬ್ಯಾಟನ್, ಹೆಡ್‌ಮಾಸ್ತರರ ಕಪಾಟಿನಲ್ಲಿ ಇರುತ್ತಿತ್ತು. ಕೇಳಿದರೆ, "ಬಣ್ಣ ಹೋಗ್ತದ್ರಿ" ಎನ್ನುವರು. ಓಡಲಿಕ್ಕೆ ಇರುವ ಕೋಲಿಗೆ ಬಣ್ಣದ ಚಿಂತೆ! ಜಗಳ ಆಡಿ ಸಾಕಾಗಿ, ಹಳ್ಳಿಖೇಡದ ಸಕ್ಕರೆ ಕಾರ್ಖಾನೆಗೆ ಹೊರಟಿದ್ದ ಟ್ರ್ಯಾಕ್ಟರ್ ನಿಲ್ಲಿಸಿ, ಡ್ರೈವರನನ್ನು ಕೇಳಿ ಒಂದು ಗಳ ಕಬ್ಬು ತಂದು, ಅದನ್ನೇ ಕಡಿದು ಬ್ಯಾಟನ್ ಮಾಡಿದೆ.

ಹುಡುಗಿಯರಿಗೆ ಎಲ್ಲಿಲ್ಲದ ಉತ್ಸಾಹ. ಹೇಳದಿದ್ದರೂ ಮತ್ತೆ ಮತ್ತೆ ಓಡಿದರು. ನನಗೆ ಒಂದೇ ಸೋಜಿಗ: ಮೊದಲನೆಯವಳು ಹಿಡಿದಾಗ ಗೇಣುದ್ದ ಇದ್ದದ್ದು ಮೂರನೆಯವಳ ಹತ್ತಿರ ಬರುವಾಗ ಮೋಟಾಗಿ ಕಾಣುತ್ತದಲ್ಲ? ದೂರದಿಂದ ಹಾಗೆ ಕಾಣುತ್ತದೇನೋ ಅಂದುಕೊಂಡೆ. ನಾಲ್ಕನೆಯವಳು ಗೆರೆ ದಾಟಿ ಬಂದು ಮುಷ್ಟಿ ಬಿಚ್ಚಿದಳು. ಒಳಗೆ ಬರೀ ಒಂದು ಗಣ್ಣು.

"ಏನಿದು?" ಎಂದು ಗದರಿದೆ.

ಬಾಯಿ ತುಂಬ ರಸ, ಕಷ್ಟಪಟ್ಟು ನುಂಗಿ ಹೇಳಿದಳು: "ಆದ್ರ ಕೋಲು ಬಿದ್ದಿಲ್ಲಲ್ರೀ ಸರ್!"

ಹುಮನಾಬಾದ

ಓಟದ ದಿನ ಹುಮನಾಬಾದ ಮೈದಾನದಲ್ಲಿ ಇಳಿದಾಗಲೇ ಗೊತ್ತಾದದ್ದು, ಬಸ್ಸಿನಲ್ಲಿ ಕಿಟಕಿ ಸೀಟಿಗಾಗಿ ಜಗಳವಾಡಿ ಮೂರನೆಯವಳೂ ನಾಲ್ಕನೆಯವಳೂ ಮಾತು ಬಿಟ್ಟಿದ್ದಾರೆ ಎಂದು. ಕೋಲು ತರುವವಳು ಹಿಂದಿನಿಂದ "ಕೈ!" ಎಂದು ಕೂಗಬೇಕು. ಮುಂದಿನವಳು ತಿರುಗಿ ನೋಡದೆ ಹಿಂದಕ್ಕೆ ಕೈ ಚಾಚಬೇಕು. ಮಾತೇ ಇಲ್ಲದಿದ್ದರೆ ಕೂಗುವುದು ಹೇಗೆ?

"ಓಟದಾಗರೆ ಮಾತಾಡ್ರೇ," ಎಂದು ಕೈ ಮುಗಿದೆ.

"ಆಕಿ ಮೊದಲ ಮಾತಾಡ್ಲಿ," ಎಂದಳು ಮೂರನೆಯವಳು. ನಾಲ್ಕನೆಯವಳು ಆಕಾಶ ನೋಡಿದಳು. ಹೆಡ್‌ಮಾಸ್ತರರು ಪೆಂಡಾಲಿನ ನೆರಳಲ್ಲಿ ಕುರ್ಚಿ ಹಾಕಿಸಿಕೊಂಡು ಕೂತಿದ್ದರು, ಕೋಲು ಬೀಳುವುದನ್ನು ನೋಡಲಿಕ್ಕೆ.

ಓಟ ಶುರುವಾಯಿತು. ಮೋರಖಂಡಿಯವಳು ಎಡಗೈ ಚಾಚಿ ಕೋಲು ಕಸಿದುಕೊಂಡು ಹಾರಿದಳು. ಮೂರನೆಯವಳು ತಿರುವು ದಾಟಿ ಬಂದಳು. ನಾಲ್ಕನೆಯವಳು ಓಡಲು ಶುರುಮಾಡಿದಳು, ಕಿವಿ ಹಿಂದೆ, ಕೈ ಮಾತ್ರ ಮುಂದೆ. ಮೂರನೆಯವಳು ತುಟಿ ಬಿಚ್ಚಲಿಲ್ಲ. ಕೋಲು ಕೊಡುವ ಜಾಗ ಮುಗಿಯುತ್ತ ಬಂತು. ನಾನು ಕಣ್ಣು ಮುಚ್ಚಿಕೊಳ್ಳುವವನಿದ್ದೆ.

ಪಕ್ಕದ ಸಾಲಿನಲ್ಲಿ ತನ್ನ ಕೋಲಿಗೆ ಕಾಯುತ್ತ ಚಿಟಗುಪ್ಪ ತಂಡದ ಹುಡುಗಿಯೊಬ್ಬಳು ನಿಂತಿದ್ದಳು. ನಮ್ಮ ಮೂರನೆಯವಳು ಓಡುತ್ತಲೇ ಅವಳಿಗೆ ಕೂಗಿದಳು:

"ಏ ಚಿಟಗುಪ್ಪದಾಕಿ! ಆಕಿಗಿ ಕೈ ಚಾಚು ಅಂತ ಹೇಳ!"

ಆ ಹುಡುಗಿ, ಪಾಪ, ತನ್ನ ಓಟ ಮರೆತು ನಮ್ಮವಳಿಗೆ ಕೂಗಿ ಹೇಳಿದಳು: "ಏ, ಕೈ ಚಾಚಬೇಕಂತ ನೋಡ!"

ನಮ್ಮವಳು ಚಾಚಿದಳು. ಕೋಲು ಅಂಗೈಗೆ ಬಿತ್ತು, ನೆಲಕ್ಕಲ್ಲ. ಚಿಟಗುಪ್ಪದವಳು ತನ್ನ ಕೋಲು ತಗೊಂಡು ಬೆನ್ನು ಹತ್ತುವಷ್ಟರಲ್ಲಿ ಎರಡು ಹೆಜ್ಜೆ ತಡವಾಗಿತ್ತು. ನಮ್ಮವಳು ಮೊದಲು ಬಂದಳು, ಆ ಹುಡುಗಿ ಎರಡನೆಯವಳಾಗಿ. ಪೆಂಡಾಲಿನಲ್ಲಿ ಹೆಡ್‌ಮಾಸ್ತರರು ಕುರ್ಚಿ ಬಿಟ್ಟು ಎದ್ದು, "ನಮ್ಮ ಹುಡುಗ್ಯಾರ್ರಿ!" ಎಂದು ಅಕ್ಕಪಕ್ಕದವರಿಗೆ ಹೇಳುತ್ತಿದ್ದರು. ಇನ್ನು ರಂಗೋಲಿ ಮಾತು ಎತ್ತಲಿ ನೋಡೋಣ.

ಮೂರನೆಯವಳು ಮೈದಾನವನ್ನು ಅಡ್ಡ ಹಾಯ್ದು ಓಡಿ ಬಂದಳು. ಈಗಲಾದರೂ ತಬ್ಬಿಕೊಳ್ಳುತ್ತಾರೆ ಅಂದುಕೊಂಡೆ. ಅವಳು ಬಂದು ಎದುರಿಗೇ ನಿಂತಳು. ನಾಲ್ಕನೆಯವಳು ಏದುಸಿರು ಬಿಡುತ್ತ, ಮುಖ ಅತ್ತ ತಿರುಗಿಸಿ, ಪಕ್ಕದಲ್ಲಿ ಹೊಟ್ಟೆ ಹಿಡಿದು ನಿಂತಿದ್ದ ಚಿಟಗುಪ್ಪದವಳಿಗೆ ಹೇಳಿದಳು:

"ಆಕಿಗಿ ಹೇಳ, ನಾವು ಗೆದ್ದೇವಿ ಅಂತ."

ಸೋತ ಹುಡುಗಿ ಉಸಿರು ಎಳೆದುಕೊಂಡು ತಿರುಗಿದಳು. "ನೀವು ಗೆದ್ದೀರಂತ ನೋಡವಾ," ಎಂದಳು. "ಮತ್ತೇನರೆ ಹೇಳೂದದ ಏನು? ಈಗ ಹೇಳಿಬಿಡ್ರಿ, ನಮ್ಮ ಬಸ್ ಬರಾಕತ್ತದ."