ಮೇಷ್ಟ್ರ ಗಿಟಾರ್ ನಾನು ರಿಪೇರಿ ಮಾಡಿದ್ದು

ಚಿಂತಾಮಣಿಯಲ್ಲಿ ಯಾರ ಮನೆಯ ಯಾವ ಯಂತ್ರ ಕೆಟ್ಟರೂ ಕೊನೆಗೆ ಬಂದು ಕೂರುವುದು ನನ್ನ ಮೇಜಿನ ಮೇಲೇ. ಮಿಕ್ಸಿ, ಮೈಕ್ ಸೆಟ್, ಒಮ್ಮೆ ಒಬ್ಬರ ಹಲ್ಲಿನ ಸೆಟ್ಟೂ ಬಂದಿತ್ತು. ಮೂವತ್ತು ವರ್ಷದಲ್ಲಿ ರಿಪೇರಿಯಾಗದೆ ವಾಪಸ್ ಹೋದ ಸಾಮಾನು ಒಂದೂ ಇಲ್ಲ. ಮೊನ್ನೆ ಮೇಷ್ಟ್ರ ಎಲೆಕ್ಟ್ರಿಕ್ ಗಿಟಾರನ್ನೂ ನಾನೇ ರಿಪೇರಿ ಮಾಡಿದೆ. ಇಲ್ಲಿ ಬರೆಯುವ ಒಂದೊಂದು ಅಕ್ಷರವೂ ನಿಜ. ಸೋಲ್ಡರಿಂಗ್ ಕಡ್ಡಿ ಮುಟ್ಟಿ ಹೇಳುತ್ತೇನೆ, ಅದೂ ಬಿಸಿ ಇರುವಾಗ.

೧. ಸೊಳ್ಳೆ

ಮೇಷ್ಟ್ರು ಶಿಡ್ಲಘಟ್ಟದವರು. ವಾರವೆಲ್ಲ ಹೈಸ್ಕೂಲಿನಲ್ಲಿ ಗಣಿತ, ಭಾನುವಾರ ಮದುವೆ ಆರ್ಕೆಸ್ಟ್ರಾದಲ್ಲಿ ಗಿಟಾರ್. ಗುರುವಾರ ಮುಖ ಸಣ್ಣಗೆ ಮಾಡಿಕೊಂಡು ಬಂದರು.

“ಅಂಕಲ್, ಭಾನುವಾರ ಗೌರಿಬಿದನೂರಲ್ಲಿ ರಿಸೆಪ್ಷನ್. ಹೋದ ಸಲ ನನ್ನ ಸೋಲೋ ಯಾರಿಗೂ ಕೇಳಿಸ್ಲಿಲ್ಲ. ಈ ಸಲವೂ ಹಂಗೇ ಆದ್ರೆ ನನ್ನ ತೆಗೆದು ಇನ್ನೊಬ್ಬ ಕೀಬೋರ್ಡಿನವನ್ನ ಹಾಕ್ಕೊತಾರಂತೆ.”

ಈ ಗಿಟಾರಿನ ತಂತಿಗಳ ಕೆಳಗೆ ಎರಡು ಪಿಕಪ್ ಇವೆ. ತಂತಿಯ ಅಲುಗಾಟ ಹಿಡಿದು ಸ್ಪೀಕರಿಗೆ ಕಳಿಸುವ ಆಯಸ್ಕಾಂತದ ಪಟ್ಟಿಗಳು. ಯಾವುದು ಬೇಕೋ ಅದಕ್ಕೆ ಸ್ವಿಚ್ ತಿರುಗಿಸಬೇಕು. ಮೇಷ್ಟ್ರು ಮೇಲಿನದಕ್ಕೆ ಹಾಕಿ ಮೀಟಿದರು. ಅಂಬಾಜಿದುರ್ಗದ ಬೆಟ್ಟದಿಂದ ಪ್ರತಿಧ್ವನಿ ಬಂತು. ಕೆಳಗಿನದಕ್ಕೆ ಹಾಕಿ ಮೀಟಿದರು. ಸೊಳ್ಳೆ ಕೆಮ್ಮಿದ ಹಾಗಾಯಿತು.

“ಸೋಲೋ ನುಡಿಸೋದು ಯಾವುದರಲ್ಲಿ ಮೇಷ್ಟ್ರೇ?”

“ಸೊಳ್ಳೆಯಲ್ಲೇ ಅಂಕಲ್.”

೨. ತಕ್ಕಡಿ

ಗಿಟಾರಿನ ಹೊಟ್ಟೆ ಬಿಚ್ಚಿದೆ. ವೈರುಗಳಿಗೆ ಹೊಸದಾಗಿ ಸೋಲ್ಡರ್ ಇಟ್ಟೆ. ಅದೇ ಸೊಳ್ಳೆ. ವಾಲ್ಯೂಮ್ ಕಂಟ್ರೋಲ್ ಬದಲಾಯಿಸಿದೆ. ಅದೇ ಸೊಳ್ಳೆ. ಸ್ವಿಚ್ಚನ್ನೇ ಕಿತ್ತು ಬೇರೆ ಹಾಕಿದೆ. ಸೊಳ್ಳೆಗೆ ಸ್ವಲ್ಪ ಶೀತವೂ ಆಯಿತು.

ಪಕ್ಕದ ಟೊಮೇಟೊ ಮಂಡಿಯವರು ಕಾಫಿ ಲೋಟ ಹಿಡಿದು ಬಂದು ನಿಂತರು. “ಇದೇಂ ಪೆದ್ದ ಕಥಾ ಅಣ್ಣಾ, ಏನ್ ಮಹಾ ದೊಡ್ಡ ವಿಷಯ? ತಕ್ಕಡಿ ಸಮ ಬರಬೇಕಂದ್ರೆ ಇಳಿದಿರೋ ಕಡೆ ತೆಗಿ, ಇಲ್ಲಾ ಎದ್ದಿರೋ ಕಡೆ ಹಾಕು. ಆ ಪಟ್ಟಿ ನೋಡು, ತಂತಿಗೆ ಮೂತಿ ತಾಗಿಸ್ಕೊಂಡು ಕೂತೈತೆ. ಇದು ಹಳ್ಳದಾಗೈತೆ.”

ನನಗೆ ಮೈ ಉರಿಯಿತು. “ಸ್ವಾಮೀ, ಇದು ಎಲೆಕ್ಟ್ರಾನಿಕ್ಸ್. ಟೊಮೇಟೊ ಅಲ್ಲ.”

ಶನಿವಾರದ ಹೊತ್ತಿಗೆ ತಲೆ ಪೂರ್ತಿ ಕೆಟ್ಟು, ಮೇಷ್ಟ್ರಿಗೆ ಫೋನ್ ಮಾಡಿದೆ. “ನಿಮ್ಮ ಸೋಲೋ ಬಂದಾಗ ಡ್ರಮ್ಮಿನವರಿಗೆ ಮೆಲ್ಲಗೆ ಬಾರಿಸೋಕೆ ಹೇಳಿ.”

ಡ್ರಮ್ಮಿನವರ ಉತ್ತರ ಹತ್ತು ನಿಮಿಷದಲ್ಲಿ ಬಂತು: “ಮೆಲ್ಲಗೆ ತಟ್ಟೋಕೆ ಡ್ರಮ್ ಯಾಕೆ? ಮದುವೆ ಮನೇಲಿ ಬಾಗಿಲುಗಳಿಲ್ವಾ?”

೩. ಕುಕ್ಕರ್

ಭಾನುವಾರ ಬೆಳಿಗ್ಗೆ, ಮೂವತ್ತು ವರ್ಷದ ಹೆಸರು ಮುಳುಗಿಸಿಕೊಳ್ಳಲು, ರಿಪೇರಿಯಾಗದ ಗಿಟಾರ್ ಹೊತ್ತು ಶಿಡ್ಲಘಟ್ಟಕ್ಕೆ ಹೋದೆ. ಮೇಷ್ಟ್ರ ತಾಯಿ ಗಿಟಾರ್ ಇಸಕೊಂಡು ಸೆರಗಿನಲ್ಲಿ ಒರೆಸಿದರು.

“ಇದರದ್ದು ಒಂದು ಕೆಲಸ ಬಾಕಿ ಐತೆ ಕಣಪ್ಪ. ಆಯುಧ ಪೂಜೆಗೆ ಒರೆಸಿ ಕುಂಕುಮ ಇಡೋವಾಗ ನೋಡ್ತೀನಿ, ಈ ಪಟ್ಟಿಗಳ ಸ್ಕ್ರೂ ಎಲ್ಲ ಸಡಿಲ. ಮೇಲಿಂದು ಬಿಗಿ ಮಾಡಿದೆ. ಅಷ್ಟರಲ್ಲಿ ಕುಕ್ಕರ್ ಕೂಗ್ತು, ಎದ್ದು ಹೋದೆ. ಕೆಳಗಿಂದು ಹಂಗೇ ಉಳಕೊಂಡ್ತು.”

ಮೇಷ್ಟ್ರು ನನ್ನ ಮುಖ ನೋಡಿದರು. ನಾನು ಫ್ಯಾನ್ ನೋಡಿದೆ. ಆ ಸ್ಕ್ರೂ ಬಿಗಿ ಮಾಡಿದಷ್ಟೂ ಪಿಕಪ್ ಮೇಲೆದ್ದು ತಂತಿಯ ಹತ್ತಿರ ಬರುತ್ತದೆ. ಹತ್ತಿರ ಬಂದಷ್ಟೂ ಸದ್ದು ಜಾಸ್ತಿ.

“ಅಮ್ಮಾ, ಮುಟ್ಟಬೇಡಿ, ಮೇಲಿಂದನ್ನ ಇಳಿಸ್ತೀನಿ!” ಎಂದು ನಾನು ಕೂಗುವಷ್ಟರಲ್ಲಿ ಹೊಲಿಗೆ ಮಿಷನ್ನಿನ ಸ್ಕ್ರೂಡ್ರೈವರ್ ಬಂದಾಗಿತ್ತು. ಕೆಳಗಿನ ಪಿಕಪ್ಪೂ ಕೊನೆ ಸುತ್ತಿನವರೆಗೆ ಬಿಗಿಯಾಯಿತು. “ಅರ್ಧಂಬರ್ಧ ಬಿಟ್ರೆ ನನಗೆ ಆಗಲ್ಲಪ್ಪ.”

ಮೇಷ್ಟ್ರು ಸ್ವಿಚ್ ಆ ಕಡೆ ಹಾಕಿ ಮೀಟಿದರು, ಈ ಕಡೆ ಹಾಕಿ ಮೀಟಿದರು. ಎರಡೂ ಸಮ. ಎರಡೂ ಬೆಟ್ಟ.

ಗೌರಿಬಿದನೂರಿಗೆ ನಾನೂ ಜೊತೆಗೆ ಹೋದೆ. ಸೋಲೋ ಶುರುವಾದಾಗ ಮದುಮಗನ ಸೋದರಮಾವ ಒಬ್ಬಟ್ಟು ಎಲೆಗೆ ಬಿಟ್ಟು ಕಿವಿ ಮುಚ್ಚಿಕೊಂಡರು. ಆರ್ಕೆಸ್ಟ್ರಾದ ಯಜಮಾನರು ಕುಣಿದಾಡುತ್ತಾ ಬಂದು, “ಮೇಷ್ಟ್ರೇ, ಇನ್ನು ಬದುಕಿರೋವರೆಗೂ ನೀವೇ! ಇದನ್ನ ರಿಪೇರಿ ಮಾಡಿದ್ಯಾರು?” ಅಂದರು. ಒಳ್ಳೆಯ ಮನಸ್ಸಿನ ಮೇಷ್ಟ್ರು ನನ್ನ ಕಡೆ ಕೈ ತೋರಿಸಿದರು. ನಾನು ಎದ್ದು ನಿಂತು ನಮಸ್ಕಾರ ಮಾಡಿದೆ.

ಎಲ್ಲವೂ ನಿಜ. ಒಂದೇ ಒಂದು ಸಣ್ಣ ವಿವರ ನನ್ನ ಕೈಯಿಂದ ಸೇರಿಸಿದ್ದು. ‘ಗಿಟಾರನ್ನೂ ನಾನೇ ರಿಪೇರಿ ಮಾಡಿದೆ’ ಅಂತ ಶುರುವಿನಲ್ಲಿ ಬರೆದಿದ್ದೀನಲ್ಲ, ಅದರಲ್ಲಿ ‘ನಾನೇ’ ಅನ್ನೋದು.