ನೀರು ನೋಡುತ್ತದೆ

ಬಾಡಿಗೆಗೆ ಕೊಡುವ ಮನೆಗೆ ಎಷ್ಟು ಕಡಿಮೆ ಖರ್ಚು ಮಾಡಿದರೂ ನಡೆಯುತ್ತದೆ ಎಂಬ ಅಭಿಪ್ರಾಯ ಲೋಕದಲ್ಲಿ ಪ್ರಚಲಿತವಾಗಿದೆ. ಆ ಲೋಕದ ಪ್ರತಿನಿಧಿಯಾಗಿ ಪ್ರತಿ ಭಾನುವಾರ ನಮ್ಮ ಮನೆಗೆ ಬರುವವನು ನನ್ನ ಹೆಂಡತಿಯ ತಮ್ಮ. ತೂಕ ಮತ್ತು ಅಳತೆ ಇಲಾಖೆಯಲ್ಲಿ ಮೂವತ್ತೊಂದು ವರ್ಷ ನಾಲ್ಕು ತಿಂಗಳು (ಆತ ಹೇಳಿಕೊಂಡು ತಿರುಗುವಂತೆ ‘ಸುಮಾರು ಮೂವತ್ತು’ ಅಲ್ಲ) ದುಡಿದು ನಿವೃತ್ತನಾದ ನಾನು, ಕೈಗೆ ಬಂದ ಇಡುಗಂಟನ್ನೆಲ್ಲ ಸುರಿದು ನಮ್ಮ ಬೀದಿಯ ತುದಿಯಲ್ಲೊಂದು ಹಳೆಯ ಮಹಡಿ ಮನೆ ಕೊಂಡೆ. ಮರುದಿನವೇ ಆತ ಉಪದೇಶಕ್ಕೆ ಕುಳಿತ.

“ಭಾವ, ಇರೋದು ಬಾಡಿಗೆಯೋರು. ಬಣ್ಣ ಬಳಿಸಿ ಬೋರ್ಡು ತಗಲಿಸಿ. ಪೈಪು ಗೋಡೆ ಒಳಗಿರುತ್ತೆ, ಯಾರು ನೋಡ್ತಾರೆ?”

“ನೀರು ನೋಡುತ್ತೆ,” ಎಂದೆ.

“ಹಾಗಾದ್ರೆ ಸುರೀರಿ. ತಿಂಗಳೊಳಗೆ ಮನೆ ಬಾಡಿಗೆಗೆ ಹೋಗ್ಲಿಲ್ಲ ಅಂದ್ರೆ ನನ್ನ ಹತ್ರ ಅಳ್ಬೇಡಿ.”

ತಿಂಗಳೊಳಗೆ ಮನೆ ಹೋಗದಿದ್ದರೆ ನನ್ನ ಗಂಟು ಮುಳುಗಿದಂತೆ. ಅದಕ್ಕಿಂತ ಮುಖ್ಯವಾಗಿ, ಅವನೆದುರು ನನ್ನ ಮಾನ ಹೋದಂತೆ. ಆದರೂ ಬಗ್ಗಲಿಲ್ಲ. ಪೈಪು, ತಂತಿ ಎಲ್ಲವನ್ನೂ ಕಿತ್ತು ಉತ್ತಮ ದರ್ಜೆಯದನ್ನೇ ಹಾಕಿಸಿದೆ. ಮಹಡಿಯ ಬಚ್ಚಲಿನ ತೂಬಿಗೆ ಬಟ್ಟೆ ತುರುಕಿ, ನಾಲ್ಕು ಅಂಗುಲ ನೀರು ನಿಲ್ಲಿಸಿ, ಎಪ್ಪತ್ತೆರಡು ಗಂಟೆಗಳ ಪರೀಕ್ಷೆ ವಿಧಿಸಿದೆ.

ಗಾರೆಯವನು ತಲೆ ಕೆರೆದುಕೊಂಡ. “ಸಾರ್, ನಾನು ಕಟ್ಟಿದ್ದು ಬಚ್ಚಲು, ಅಣೆಕಟ್ಟಲ್ಲ.”

ಗಡುವು ಮುಗಿದಾಗ ಮೈದುನನನ್ನೇ ಕರೆಸಿ, ಬಚ್ಚಲಿಗೆ ಸರಿಯಾಗಿ ಕೆಳಗೆ ನಿಲ್ಲಿಸಿ, ಚಾವಣಿ ನೋಡಿಸಿದೆ.

“ಏನಾದ್ರೂ ಕಾಣ್ತಾ?”

“ಒಂದು ಜೇಡ ಇದೆ, ಭಾವ.”

“ನೆಂದಿದೆಯಾ?”

“ಇಲ್ಲ. ಆರಾಮಾಗಿದೆ.”

ಸತ್ಯಕ್ಕೆ ಇದಕ್ಕಿಂತ ದೊಡ್ಡ ಜಯವುಂಟೆ? ಬೋರ್ಡು ತಗಲಿಸಿದೆ. ಐದನೆಯ ದಿನ ಬೆಳಿಗ್ಗೆ ಹತ್ತೂಕಾಲಿಗೆ ನನ್ನಾಕೆ ಮುಂಗಡದ ಲಕೋಟೆಯನ್ನು ಮೇಜಿನ ಮೇಲಿಟ್ಟು, “ಮನೆ ಹೋಯ್ತು,” ಎಂದಳು.

“ಯಾರಿಗೆ?”

“ಒಬ್ಬ ಹೆಂಗಸಿಗೆ. ತುಂಬ ಶುಚಿ. ಗಲಾಟೆ ಗೊತ್ತಿಲ್ಲ.”

“ಗಂಡ?”

“ಇದ್ದಾರೆ. ಜೊತೆಗೆ ಬರಲ್ಲ.”

“ಯಾಕೆ?”

“ಕರೆದಿಲ್ಲ.”

ಪರರ ಸಂಸಾರ ನಮಗೇಕೆ ಎಂದು ಮೊದಲು ಮೈದುನನಿಗೆ ಫೋನು ಮಾಡಿ ವಿಜಯವಾರ್ತೆ ಮುಟ್ಟಿಸಿದೆ.

“ಸೋತೆ, ಭಾವ, ಒಪ್ಕೊಂಡೆ,” ಎಂದ. (ಈ ಮಾತನ್ನು ದಿನಾಂಕಸಹಿತ ಬರೆದಿಟ್ಟುಕೊಂಡಿದ್ದೇನೆ.) “ಅಂದ ಹಾಗೆ, ಅಕ್ಕನ ಸಾಮಾನು ಸಾಗಿಸೋಕೆ ಗಾಡಿ ಎಷ್ಟೊತ್ತಿಗೆ ತರಲಿ?”

ಫೋನು ಇಟ್ಟು ತಿರುಗಿ ನೋಡಿದೆ. ಆಕೆ ಪೆಟ್ಟಿಗೆಗೆ ಹಗ್ಗ ಬಿಗಿಯುತ್ತಿದ್ದಳು.

“ಈ ಮನೆ ಬಚ್ಚಲಿಗೆ ಹನ್ನೊಂದು ವರ್ಷದಿಂದ ಚಿಲಕ ಇಲ್ಲ. ಒಳಗಿದ್ದೀನಿ ಅಂತ ಗೊತ್ತಾಗ್ಲಿ ಅಂತ ಹಾಡ್ಕೊಂಡೇ ಸ್ನಾನ ಮಾಡ್ತಿದ್ದೀನಿ.”

“ಹತ್ತು ವರ್ಷ ಎಂಟು ತಿಂಗಳು,” ಎಂದು ತಿದ್ದಿದೆ.

“ಎಷ್ಟಾದ್ರೂ ಆಗ್ಲಿ, ನನಗೆ ಬರೋ ಹಾಡೆಲ್ಲ ಮುಗಿದ್ವು.”

ಪರಿಣಾಮವಾಗಿ, ಈ ಬೀದಿಯಲ್ಲಿ ಒಂದು ದೂರೂ ಇಲ್ಲದ ಬಾಡಿಗೆದಾರರನ್ನು ಪಡೆದ ಏಕೈಕ ಮಾಲೀಕ ನಾನು. ದಿನವೂ ಊಟದ ಹೊತ್ತಿಗೆ ಸರಿಯಾಗಿ ಅಲ್ಲಿಗೆ ಹೋಗಿ ಕರೆಗಂಟೆ ಒತ್ತುತ್ತೇನೆ. ಅದೂ ಉತ್ತಮ ದರ್ಜೆಯದೇ. ಮನೆಯ ಮೂಲೆಮೂಲೆಗೂ ಕೇಳಿಸುತ್ತದೆ ಎಂಬುದನ್ನು ಸ್ವತಃ ಪರೀಕ್ಷಿಸಿದ್ದೇನೆ. ಬಾಗಿಲು ತೆರೆಯುವುದು ತಡವಾಗುತ್ತಿದ್ದರೆ, ಅದಕ್ಕೆ ಗಂಟೆ ಹೊಣೆಯಲ್ಲ.